ಕಲಾದಗಿ ಶಿಲಾಪ್ರದೇಶ: ಕ್ಷೇತ್ರ ಟಿಪ್ಪಣಿ ಮತ್ತು ಮಾದರಿಗಳ ಹಂಚಿಕೆ

ಬಾಗಲಕೋಟೆ ಜಿಲ್ಲೆಯ ಮುಧೋಳ, ಬೀಳಗಿ ಸೀಮೆಯಲ್ಲಿ ಹರಡಿರುವ ಪ್ರಾಚೀನ ಶಿಲಾಸ್ತರಗಳಿಗೆ ಕಲಾದಗಿ ಊರಿನ ಹೆಸರಿದೆ. ಈ ಸ್ತರಗಳ ಒಂದು ಉಪಗುಂಪಿನ ಹೆಸರು ಮುಧೋಳ ತಾಲ್ಲೂಕಿನ ಲೋಕಾಪುರದಿಂದ ಬಂದಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ ಬರೆದ ವರದಿಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1876ರಲ್ಲಿ ಪ್ರಕಟಿಸಿತು. ಬಂಡೆಗಳ ಜೊತೆಗೆ ಆದಿಮಾನವನ ಕಲ್ಲಿನ ಆಯುಧಗಳನ್ನೂ ಅವರು ಗುರುತಿಸಿದ್ದರು.

ಮಾದರಿಗಳ ಹಂಚಿಕೆಯ ದೃಷ್ಟಿಯಿಂದ ಫೂಟ್ ಅವರ ದೊಡ್ಡ ಕೊಡುಗೆ ಅವರ ಸಂಗ್ರಹ. ದಕ್ಷಿಣ ಭಾರತದ ನಾನಾ ಕಡೆ ಆಯ್ದ ವಸ್ತುಗಳು 1904ರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. 1912ರಲ್ಲಿ ಅವರು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ ಅವುಗಳ ವಿವರಪಟ್ಟಿ ಮತ್ತು ಟಿಪ್ಪಣಿಗಳು ಅಚ್ಚಾದವು. ಸಿಕ್ಕ ಜಾಗ ಬರೆದಿಡದಿದ್ದರೆ ಕೈಗೊಡಲಿಯೂ ಬರೀ ಕಲ್ಲೇ. ಆದ್ದರಿಂದ ಈ ಪಟ್ಟಿಗಳ ಬೆಲೆ ಕಲ್ಲುಗಳ ಬೆಲೆಗಿಂತ ಕಡಿಮೆಯಲ್ಲ.

ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು ಫೂಟ್ ಅವರ ಕ್ಷೇತ್ರಕಾರ್ಯವನ್ನು ಮುಂದುವರಿಸಿದರು. ಆರ್. ವಿ. ಜೋಶಿ ಮಲಪ್ರಭೆಯ ಕಣಿವೆಯನ್ನೂ (1955), ಆರ್. ಎಸ್. ಪಪ್ಪು ಮೇಲ್ ಕೃಷ್ಣಾ ಕಣಿವೆಯನ್ನೂ (1974) ಕುರಿತು ಗ್ರಂಥ ಬರೆದರು. ಘಟಪ್ರಭೆಯ ದಡದ ಅನಗವಾಡಿ ಹೀಗೆ ಪ್ರಾಗೈತಿಹಾಸಿಕ ನೆಲೆಯಾಗಿ ಹೆಸರಾಯಿತು. 1994ರಲ್ಲಿ ಪಪ್ಪು ಮತ್ತು ಸುಷಮಾ ದೇವ್ ಕಲಾದಗಿ ಪ್ರದೇಶದ ಆದಿಮಾನವ ಮತ್ತು ನೆಲದ ನಂಟನ್ನು ಒಟ್ಟಾಗಿ ವಿವರಿಸಿದರು.

ಇನ್ನು ಮಾದರಿಗಳನ್ನು ಕಾಯುವ ಮಾತು: ಧ್ರುವಪ್ರದೇಶದ ಹಿಮದ ಮಾದರಿ ಹಂಚಿಕೊಳ್ಳಬೇಕಾದರೆ ದಾರಿಯುದ್ದಕ್ಕೂ ಅದನ್ನು ಕರಗದಂತೆ ಕಾಯಬೇಕು. ಕಲಾದಗಿಯ ಗಟ್ಟಿ ಕಲ್ಲಿಗೆ ಆ ಚಿಂತೆಯಿಲ್ಲ, ಕಪಾಟು ಸಾಕು. ಆದರೆ ಅದು ಸಿಕ್ಕ ಪದರವನ್ನು ಅಗೆಯುವಾಗಲೇ ದಾಖಲಿಸಬೇಕು, ಒಮ್ಮೆ ಕದಡಿದ ಮಣ್ಣು ಮತ್ತೆ ಮೊದಲಿನಂತೆ ಕೂರುವುದಿಲ್ಲ.