ನಂಜರಾಯನ ಕೆರೆಯ ಅತಿಥಿಗಳು

ಅವಿನಾಶಿ ಎಂದೊಡನೆ ನೆನಪಾಗುವುದು ಮೊಸಳೆಯ ಕಥೆ. ಮೊಸಳೆ ನುಂಗಿದ್ದ ಬಾಲಕನನ್ನು ಸುಂದರಮೂರ್ತಿ ನಾಯನಾರರು ಪದಿಗ ಹಾಡಿ ಜೀವಸಹಿತ ಹೊರಗೆ ಬರಿಸಿದರಂತೆ. ಹರಿಹರ ಕವಿಯ ರಗಳೆಯಲ್ಲಿ ಬರುವ ನಂಬಿಯಣ್ಣನೇ ಈ ಸುಂದರರು. ಇಂದು ಹೇಳಹೊರಟಿರುವುದು ಆ ಊರಿನ ಕಡೆಯಿಂದ ಹರಿದುಬರುವ ನೀರನ್ನೇ ನಂಬಿದ ಇನ್ನೊಂದು ಕೆರೆಯ ವಿಷಯ.

ಅವಿನಾಶಿ, ತಿರುಮುರುಗನ್‌ಪೂಂಡಿಗಳನ್ನು ಹಾದು ಬರುವ ನಲ್ಲಾರಿನ ಮಳೆನೀರು ತಿರುಪ್ಪೂರಿನ ಅಂಚಿನ ಸರ್ಕಾರ್ ಪೆರಿಯಪಾಳಯದಲ್ಲಿ ನಂಜರಾಯನ ಕೆರೆಗೆ ಇಳಿಯುತ್ತದೆ. ಕೆರೆಯ ವಿಸ್ತೀರ್ಣ ಸುಮಾರು 125 ಹೆಕ್ಟೇರು. ಹಲವು ಶತಮಾನಗಳ ಹಿಂದೆ ನಂಜರಾಯನೆಂಬ ಅರಸ ಇದನ್ನು ದುರಸ್ತಿ ಮಾಡಿಸಿದನೆಂದು ಈ ಹೆಸರು. ಕಟ್ಟಿಸಿದವನ ಹೆಸರಲ್ಲ, ದುರಸ್ತಿ ಮಾಡಿಸಿದವನ ಹೆಸರು ಉಳಿದಿದೆ, ಗಮನಿಸಿ. 'ನಂಜ' ಎಂದರೆ ನಮಗೆ ನಂಜನಗೂಡು ನೆನಪಾಗುವುದು ಸಹಜ. ಉಮ್ಮತ್ತೂರಿನವರೂ ಆಮೇಲೆ ಮೈಸೂರಿನವರೂ ಕೊಂಗುನಾಡನ್ನು ಆಳಿದ್ದುಂಟು. ಆದರೂ ಹೆಸರೊಂದನ್ನೇ ಹಿಡಿದು ಅವನು ನಮ್ಮವನೆಂದು ಜಗಳಕ್ಕೆ ನಿಲ್ಲುವುದು ಬೇಡ. ತಮಿಳಿನಲ್ಲಿ ಏರಿ ಎಂದರೆ ಕೆರೆ, ಕನ್ನಡದಲ್ಲಿ ಕೆರೆಯ ದಂಡೆ. ಏರಿ ಒಡೆದರೆ ಏರಿಯೇ ಇಲ್ಲ!

ಗದ್ದೆಗಾಗಿ ಇದ್ದ ಕೆರೆಯ ಸುತ್ತ ಬನಿಯನ್ ಪೇಟೆ ಬೆಳೆಯಿತು. ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಯನ್ನು ಎಷ್ಟು ಕೆಡಿಸಿದವೆಂದರೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅವನ್ನು ಮುಚ್ಚಿಸಬೇಕಾಯಿತು. ಅದರಿಂದ ಕೂಲಿ ಕಳೆದುಕೊಂಡವರೂ ಇದ್ದರು. ಅವರನ್ನು ಮರೆತು ಬರೀ ಹಕ್ಕಿಯ ಮಾತಾಡುವುದು ನ್ಯಾಯವಲ್ಲ.

ಇಷ್ಟಾದರೂ ಹಕ್ಕಿಗಳು ಈ ಕೆರೆಯನ್ನು ಬಿಡಲಿಲ್ಲ. ನೀರು ಆಳವಿಲ್ಲ, ಕಾಲೂರಿ ಮೇಯುವ ಹಕ್ಕಿಗಳಿಗೆ ಅದೇ ಅನುಕೂಲ. ಇಲ್ಲಿ 191 ಜಾತಿಯ ಹಕ್ಕಿಗಳು ದಾಖಲಾಗಿವೆ. ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆ ಹೆಬ್ಬಾತೂ ಅವುಗಳಲ್ಲೊಂದು. ನಮ್ಮ ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ. ನಂಜರಾಯನ ಕೆರೆ ತಮಿಳುನಾಡಿನ 17ನೆಯ ಪಕ್ಷಿಧಾಮವಾಗಲು 2022ರವರೆಗೆ ಕಾಯಬೇಕಾಯಿತು. 2024ರ ಆಗಸ್ಟ್ 14ರಂದು ಇದು ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು. ಲೋಕದ ಮುಖ್ಯ ಜೌಗುನೆಲಗಳ ಪಟ್ಟಿ ಅದು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದಿಂದ ಬಂದದ್ದು.

ಆಗಸ್ಟಿನಲ್ಲಿ ವರ್ಷ ತುಂಬಿದ ಸಂಭ್ರಮವನ್ನು ಏರಿಯ ಮೇಲೆ ಆಚರಿಸಲಿ, ಸಂತೋಷವೇ. ನನ್ನ ಕೇಳಿದರೆ ಅರ್ಧ ಹಬ್ಬ ಅವಿನಾಶಿಯಲ್ಲೇ ನಡೆಯಬೇಕು. ಮೇಲಿನ ಊರಿನವರು ನಲ್ಲಾರಿಗೆ ಕೊಳಚೆ ಬಿಟ್ಟರೆ ಕೆಳಗಿನ ಪಕ್ಷಿಧಾಮದ ಫಲಕ ಏನು ಮಾಡೀತು?

ಇನ್ನೊಂದು ಮಾತು. ದೂರದೇಶದ ಹಕ್ಕಿಗಳು ಬರುವುದು ಆಗಸ್ಟಿನಲ್ಲಲ್ಲ, ಚಳಿಗಾಲಕ್ಕೆ. ಮಾರ್ಗಳಿಯಲ್ಲಿ ಅವಿನಾಶಿಯಪ್ಪನ ದರ್ಶನಕ್ಕೆ ಹೋದವರು ಒಂದು ಬೆಳಿಗ್ಗೆ ಅತ್ತ ಹೋಗಿ ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ, ಗದ್ದಲ ಮಾತ್ರ ಬೇಡ.