ಚಿತ್ರಕಥೆಯಲ್ಲಿ ದ್ವೇಷಿಯ ವಂಶಾವಳಿ

ಹುಟ್ಟಿನಿಂದಲೇ ಅಸಾಮಾನ್ಯ ಶಕ್ತಿಯನ್ನು ಪಡೆದವರನ್ನು, ಅವರು ಹಾಗೆ ಹುಟ್ಟಿದರೆಂಬ ಒಂದೇ ಕಾರಣಕ್ಕಾಗಿ ನಿರ್ಮೂಲಗೊಳಿಸಬಯಸುವ ಖಳನು ಅಮೆರಿಕದ ಚಿತ್ರಕಥೆಗಳಲ್ಲಿ ಅರವತ್ತು ವರ್ಷಗಳಿಂದ ಬೆಳೆದು ಬಂದಿದ್ದಾನೆ. ಅವನನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿವೇಚನೆ ಅತ್ಯಲ್ಪ. ನಡೆದಷ್ಟರಲ್ಲಿಯೂ ಒಂದೇ ಅಭಿಪ್ರಾಯದ ಪುನರುಕ್ತಿಯೇ ಹೆಚ್ಚು. ಆ ಖಳನು ಅಮೆರಿಕದ ವರ್ಣಸಮಸ್ಯೆಯ ರೂಪಕವೆಂದೂ, ಸಮಸ್ಯೆ ಪರಕೀಯವಾದುದರಿಂದ ಖಳನೂ ನಮಗೆ ಪರಕೀಯನೇ ಎಂದೂ ಈಚಿನವರು ನಿಶ್ಚಯಿಸಿಬಿಟ್ಟಿದ್ದಾರೆ. ಉತ್ತರ ಕನ್ನಡದ ಕೋಗಿಲಬನದಲ್ಲಿ ಬಹುಕಾಲದಿಂದ ನೆಲೆಸಿ, ಹಗಲು ಈ ಚಿತ್ರಪುಸ್ತಕಗಳನ್ನು ಓದುತ್ತ, ಇರುಳು ಘಟ್ಟದ ಮೇಲಿನ ಊರುಗಳ ಬಯಲಾಟಗಳನ್ನು ನೋಡುತ್ತ ಬಂದ ನನಗೆ ಈ ನಿಶ್ಚಯವು ಎಂದೂ ಒಪ್ಪಿತವಾಗಲಿಲ್ಲ. ಆ ದ್ವೇಷಿಯ ವಂಶಾವಳಿಯನ್ನು ಬಿಡಿಸಿ ನೋಡಿದರೆ ಅದರ ಒಂದು ಶಾಖೆ ನಮ್ಮ ಅಂಗಳದಲ್ಲಿಯೇ ಇದೆ.

ಪುರಾಣಗಳ ಘಟ್ಟವನ್ನು ಬೇಗನೆ ದಾಟಬಹುದು. ಕಂಸನನ್ನು ನಡೆಸಿದುದು ಅಶರೀರವಾಣಿಯಿಂದ ಹುಟ್ಟಿದ ಪ್ರಾಣಭಯ. ಹಿರಣ್ಯಕಶಿಪುವನ್ನು ನಡೆಸಿದುದು ಸೋದರವಧೆಯ ಸೇಡು. ಶಿಶುಪಾಲನ ಸಂಗತಿ ಬೇರೆ. ಮೂರು ಕಣ್ಣು, ನಾಲ್ಕು ತೋಳುಗಳೊಡನೆ ಜನಿಸಿ, ಕೃಷ್ಣನ ತೊಡೆಯ ಮೇಲೆ ಕುಳ್ಳಿರಿಸಿದಾಗ ಆ ಅಧಿಕಾಂಗಗಳನ್ನು ಕಳೆದುಕೊಂಡ ಈ ಶಿಶುವು ಮುಂದೆ ಆಜನ್ಮವೂ ದ್ವೇಷಿಸಿದುದು, ಅಲೌಕಿಕನಾದ ಆ ಕೃಷ್ಣನನ್ನೇ. ತಾನೇ ವಿಲಕ್ಷಣನಾಗಿ ಹುಟ್ಟಿದವನು ವಿಲಕ್ಷಣರ ವೈರಿಯಾಗುವ ಈ ಮರ್ಮವನ್ನು ನಮ್ಮ ಕವಿಗಳು ಕಂಡರು, ಆದರೆ ಅದರ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅದರ ಬಳಿ ನಿಂತು ನೋಡಿದ ಕೀರ್ತಿ ಲಕ್ಷ್ಮೀಶನ ಜೈಮಿನಿ ಭಾರತಕ್ಕೂ, ಅದರಿಂದ ಹೊರಟ ಯಕ್ಷಗಾನಕ್ಕೂ ಸಲ್ಲಬೇಕು. ಕೇರಳದ ಅರಸನ ಮಗನಾಗಿ, ಎಡಗಾಲಿಗೆ ಆರನೆಯ ಬೆರಳನ್ನು ಹೊತ್ತು ಹುಟ್ಟಿದ ಚಂದ್ರಹಾಸನು ತಂದೆತಾಯಿಗಳನ್ನು ಕಳೆದುಕೊಂಡು, ದಾದಿಯ ಮಡಿಲಿನಲ್ಲಿ ಕುಂತಳನಗರಿಗೆ ಬಂದು ಬೀದಿಯ ಬಾಲಕನಾಗಿ ಬೆಳೆಯುತ್ತಾನೆ. ಮಂತ್ರಿ ದುಷ್ಟಬುದ್ಧಿಯ ಮನೆಯ ಔತಣಕ್ಕೆ ಬಂದ ಬ್ರಾಹ್ಮಣರು ಈ ಹುಡುಗನ ಲಕ್ಷಣಗಳನ್ನು ನೋಡಿ ಇವನು ಮುಂದೆ ಈ ನಾಡನ್ನು ಆಳುವನೆಂದು ನುಡಿಯುತ್ತಾರೆ. ಹುಡುಗನು ಯಾವ ಅಪರಾಧವನ್ನೂ ಮಾಡಿಲ್ಲ, ಯಾರಿಗೂ ಎದುರಾಡಿಲ್ಲ. ಅವನ ದೇಹದಲ್ಲಿ ಇರುವುದೇ ಅವನ ಅಪರಾಧ. ಮಂತ್ರಿಯ ಅಪ್ಪಣೆಯಂತೆ ಅವನನ್ನು ಕೊಲ್ಲಲು ಕಾಡಿಗೆ ಕರೆದೊಯ್ದ ಕಟುಕರು ಮನಸ್ಸು ಕರಗಿ, ಕತ್ತನ್ನು ಕೊಯ್ಯದೆ ಆರನೆಯ ಬೆರಳನ್ನು ಮಾತ್ರ ಕೊಯ್ದು ತಂದು ಕೊಲೆಯ ಕುರುಹೆಂದು ಮಂತ್ರಿಗೆ ಒಪ್ಪಿಸುತ್ತಾರೆ. ಆ ಬೆರಳನ್ನು ಕಂಡು ಒಬ್ಬ ಮನುಷ್ಯನು ನೆಮ್ಮದಿಗೊಳ್ಳುವ ಆ ಕ್ಷಣಕ್ಕಿಂತ ಭೀಕರವಾದುದನ್ನು ಯಾವ ದೇಶದ ಚಿತ್ರಕಥೆಯಲ್ಲಿಯೂ ನಾನು ಕಂಡಿಲ್ಲ.

ಕಥೆಯ ಬಲವು ಮುಂದಿನ ಭಾಗದಲ್ಲಿದೆ. ಬದುಕುಳಿದು ಬೆಳೆದ ಚಂದ್ರಹಾಸನ ಕೈಯಲ್ಲಿಯೇ ದುಷ್ಟಬುದ್ಧಿಯು ಬರೆದು ಕಳುಹಿಸಿದ ಮರಣಪತ್ರವನ್ನು ಅವನ ಮಗಳೇ ತಿದ್ದುತ್ತಾಳೆ. ಅವನ ಮಗ ಮದನನೇ ಮುಂದೆ ನಿಂತು ತಂಗಿಯನ್ನು ಚಂದ್ರಹಾಸನಿಗೆ ಧಾರೆಯೆರೆಯುತ್ತಾನೆ. ಕಾಳಿಕಾಲಯದಲ್ಲಿ ಅಳಿಯನಿಗಾಗಿ ಅಡಗಿಸಿಟ್ಟ ಕೊಲೆಗಾರರ ಕತ್ತಿಗೆ ಆ ಮಗನೇ ಬಲಿಯಾಗುತ್ತಾನೆ. ಹೊರಗಿನವನೆಂದು ದ್ವೇಷಿಸಲ್ಪಟ್ಟವನು ಮನೆಯವನಾದ ಮೇಲೂ ದ್ವೇಷವು ನಿಲ್ಲದೆ ಆ ಮನೆಯನ್ನೇ ಸುಡುತ್ತದೆ. ಯಕ್ಷಗಾನದ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ದುಷ್ಟಬುದ್ಧಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆ ಮುಗಿದ ಮನೆಗೆ ಹಿಂದಿರುಗಿದ ಮಂತ್ರಿಯು ಅಳಿಯನನ್ನು ಹರಸಲೇಬೇಕಾದ ಸನ್ನಿವೇಶದಲ್ಲಿ, ಮೇಲೆತ್ತಿದ ಕೈ ಹರಕೆಯ ಕೈಯಾಗಿರುತ್ತಿತ್ತು, ಕಣ್ಣು ಮಾತ್ರ ಆ ಕತ್ತಿನ ಮೇಲೆ ನೆಟ್ಟಿರುತ್ತಿತ್ತು. ಬಡಗುತಿಟ್ಟಿನ ಆಂಗಿಕವು ಈ ಇಬ್ಬಗೆಯನ್ನು ಒಂದೇ ದೇಹದಲ್ಲಿ ತೋರಿಸಬಲ್ಲದೆಂಬುದೇ ಆ ಸಂಪ್ರದಾಯದ ಹಿರಿಮೆ. ಖಳನೆಂದರೆ ಅಬ್ಬರವೆಂದು ತಿಳಿದ ಇಂದಿನ ವೇಷಧಾರಿಗಳು ಇದನ್ನು ಗಮನಿಸಬೇಕು.

ಅಮೆರಿಕದಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿಯವರು ಎಕ್ಸ್-ಮೆನ್ ಮಾಲಿಕೆಯನ್ನು ಆರಂಭಿಸಿದುದು 1963ರಲ್ಲಿ. ಮ್ಯೂಟಂಟರೆಂದು ಕರೆಯಲ್ಪಡುವ, ಜನ್ಮತಃ ಶಕ್ತಿವಂತರಾದ ತರುಣರ ಆ ಕಥೆಗೆ ಎರಡು ವರ್ಷಗಳ ತರುವಾಯ, 1965ರಲ್ಲಿ, ಬೊಲಿವರ್ ಟ್ರಾಸ್ಕ್ ಎಂಬ ಮಾನವಶಾಸ್ತ್ರಜ್ಞನು ಪ್ರವೇಶಿಸಿ, ಮ್ಯೂಟಂಟರನ್ನು ಬೇಟೆಯಾಡುವ ಸೆಂಟಿನೆಲ್ ಎಂಬ ಯಂತ್ರಮಾನವರನ್ನು ನಿರ್ಮಿಸುತ್ತಾನೆ. ಯಂತ್ರಗಳು ಅವನ ಮೇಲೆಯೇ ತಿರುಗಿಬೀಳುತ್ತವೆ. ಅವುಗಳನ್ನು ನಾಶಪಡಿಸುತ್ತ ಅವನೂ ಸಾಯುತ್ತಾನೆ. ಇಲ್ಲಿ ದ್ವೇಷವು ಇನ್ನೂ ಪ್ರಯೋಗಶಾಲೆಯ ಸಿದ್ಧಾಂತ. ಅದಕ್ಕೆ ರಕ್ತಸಂಬಂಧವು ಸೇರಿದುದು 1969ರಲ್ಲಿ, ರಾಯ್ ಥಾಮಸ್ ಮತ್ತು ನೀಲ್ ಆ್ಯಡಮ್ಸ್ ಅವರು ಟ್ರಾಸ್ಕನ ಮಗ ಲ್ಯಾರಿಯನ್ನು ಸೃಷ್ಟಿಸಿದಾಗ: ತಂದೆಯ ಸೇಡಿಗಾಗಿ ಹೊಸ ಸೆಂಟಿನೆಲ್‌ಗಳನ್ನು ಕಟ್ಟಿದ ಈ ಮಗನ ಕೊರಳಿನ ಪದಕವನ್ನು ಕಿತ್ತೊಡನೆ, ಅವನೂ ಮ್ಯೂಟಂಟನೆಂದು ಆ ಯಂತ್ರಗಳೇ ಗುರುತಿಸಿ ಹಿಡಿಯುತ್ತವೆ.

ಆದರೆ ಈ ಪಾತ್ರಕ್ಕೆ ಪೂರ್ಣವಾದ ಪ್ರಾಣವನ್ನು ತುಂಬಿದವನು, ನನ್ನ ತಲೆಮಾರಿನವರು ಗುರುವೆಂದು ಎಣಿಸುವ ಕ್ರಿಸ್ ಕ್ಲೇರ್ಮಾಂಟ್. 1975ರಿಂದ 1991ರವರೆಗೆ ಒಬ್ಬನೇ ಲೇಖಕನು ಒಂದು ಮಾಲಿಕೆಯನ್ನು ಹಿಡಿದು ನಡೆಸಿದುದು ಆ ಉದ್ಯಮದಲ್ಲಿ ಅಪರೂಪ. ಅವನ ಕೃತಿಗಳಲ್ಲಿ ಎಲ್ಲರೂ ಹೊಗಳುವುದು 1981ರಲ್ಲಿ ಜಾನ್ ಬರ್ನ್‌ನೊಡನೆ ರಚಿಸಿದ ಭವಿಷ್ಯದ ಸೆರೆಶಿಬಿರಗಳ ಕಥೆಯನ್ನು. ನನ್ನ ದೃಷ್ಟಿಯಲ್ಲಿ ಮಿಗಿಲಾದುದು 1982ರಲ್ಲಿ ಬ್ರೆಂಟ್ ಆ್ಯಂಡರ್ಸನ್‌ನ ಚಿತ್ರಗಳೊಡನೆ ಪ್ರತ್ಯೇಕ ಗ್ರಂಥವಾಗಿ ಹೊರಬಂದ ಕಥೆ. ಅದರ ಮೊದಲ ಪುಟಗಳಲ್ಲಿಯೇ ಇಬ್ಬರು ಕರಿಯ ಮಕ್ಕಳನ್ನು ಕೊಂದು, ಶಾಲೆಯ ಆಟದ ಬಯಲಿನ ಉಯ್ಯಾಲೆಗೆ ತೂಗುಹಾಕಲಾಗಿದೆ. ಇದರ ಹಿಂದಿರುವವನು ವಿಲಿಯಂ ಸ್ಟ್ರೈಕರ್ ಎಂಬ ಧರ್ಮಬೋಧಕ. ಅವನ ಕೈಯಲ್ಲಿ ಯಂತ್ರವಿಲ್ಲ, ಧರ್ಮಗ್ರಂಥವಿದೆ. ಹಿಂದೆ ಸೈನಿಕನಾಗಿದ್ದಾಗ, ನಿರ್ಜನ ಪ್ರದೇಶದಲ್ಲಿ ಹೆಂಡತಿಯು ಹೆತ್ತ ಕೂಸು ಮ್ಯೂಟಂಟನೆಂದು ಕಂಡು, ಕೂಸನ್ನೂ ತಾಯಿಯನ್ನೂ ತಾನೇ ಕೊಂದವನು ಅವನು. ಆ ಪಾಪವನ್ನು ಪಾಪವೆಂದು ಒಪ್ಪಿಕೊಳ್ಳಲಾರದೆ ಅದನ್ನು ದೈವಾಜ್ಞೆಯಾಗಿ ಮಾರ್ಪಡಿಸಿಕೊಂಡವನು. ಕೊನೆಯಲ್ಲಿ ಸಹಸ್ರಾರು ಭಕ್ತರ ಎದುರಿನಲ್ಲಿ, ನೀಲಿ ಮೈಯ, ಬಾಲವುಳ್ಳ ನೈಟ್‌ಕ್ರಾಲರ್ ಎಂಬ ಮ್ಯೂಟಂಟನತ್ತ ಬೆರಳು ತೋರಿ ಇವನು ಮನುಷ್ಯನೇ ಎಂದು ಅವನು ಕೇಳುತ್ತಾನೆ. ಕಿಟಿ ಎಂಬ ಎಳೆಯ ಹುಡುಗಿ ಎದ್ದುನಿಂತು ಪ್ರತಿಭಟಿಸುತ್ತಾಳೆ. ಅವನು ಅವಳತ್ತ ಪಿಸ್ತೂಲನ್ನು ಎತ್ತುತ್ತಾನೆ. ಗುಂಡು ಹಾರುತ್ತದೆ, ಆದರೆ ಬಿದ್ದವನು ಸ್ಟ್ರೈಕರ್. ಹೊಡೆದವನು ಅಲ್ಲಿ ಕಾವಲಿಗಿದ್ದ ಸಾಮಾನ್ಯ ಪೊಲೀಸಿನವನು. ಯಾವ ಅತಿಮಾನುಷ ಶಕ್ತಿಯೂ ಮಾಡಲಾಗದುದನ್ನು ತನ್ನ ಕರ್ತವ್ಯವನ್ನು ಅರಿತ ಒಬ್ಬ ನೌಕರನು ಮಾಡಿದನೆಂಬುದು ಆ ಗ್ರಂಥದ ಔನ್ನತ್ಯ.

ಅನಂತರದ್ದೆಲ್ಲ ಬಹುಮಟ್ಟಿಗೆ ಇಳಿಜಾರು. 1993ರಲ್ಲಿ ಬಂದ ಗ್ರೇಡನ್ ಕ್ರೀಡ್ ಮಾತ್ರ ಇದಕ್ಕೆ ಹೊರತು. ಮಿಸ್ಟಿಕ್ ಮತ್ತು ಸೇಬರ್‌ಟೂತ್ ಎಂಬ ಇಬ್ಬರು ಮ್ಯೂಟಂಟರಿಗೆ ಶಕ್ತಿಹೀನನಾಗಿ ಹುಟ್ಟಿ, ಅವರಿಂದ ತೊರೆಯಲ್ಪಟ್ಟು, ಹೆತ್ತವರ ಕುಲವನ್ನೇ ಅಳಿಸಹೊರಟ ಇವನು ರಾಷ್ಟ್ರಾಧ್ಯಕ್ಷನ ಪದವಿಗೆ ಸ್ಪರ್ಧಿಸಿ, ಹತನಾಗುತ್ತಾನೆ. ಕೊಂದವಳು ತಾಯಿಯೇ ಎಂದು ತಿಳಿಯುವುದು ವರ್ಷಗಳ ತರುವಾಯ. ಟ್ರಾಸ್ಕನಿಗೆ ಮಗ, ಸ್ಟ್ರೈಕರನಿಗೆ ಕೂಸು, ಕ್ರೀಡನಿಗೆ ತಾಯಿತಂದೆ: ದ್ವೇಷಿಸಲ್ಪಡುವವನು ದ್ವೇಷಿಯ ಮನೆಯೊಳಗೇ ಇದ್ದಷ್ಟೂ ಈ ಪಾತ್ರ ಸತ್ಯವಾಗಿದೆ, ಹೊರಗೆ ಹೋದಾಗಲೆಲ್ಲ ಜೊಳ್ಳಾಗಿದೆ. ಮನುಷ್ಯಮುಖದ ಯಂತ್ರವಾದ ಬ್ಯಾಸ್ಟಿಯನ್ ಅಂಥ ಜೊಳ್ಳು. ಚಲನಚಿತ್ರದವರು 2003ರಲ್ಲಿ ಸ್ಟ್ರೈಕರನನ್ನು ಧರ್ಮವೇದಿಕೆಯಿಂದ ಇಳಿಸಿ ಸೇನಾಧಿಕಾರಿಯನ್ನಾಗಿ ಮಾಡಿದುದು ಅವನ ಅರ್ಧ ಸತ್ತ್ವವನ್ನು ಹೀರಿತು. 2014ರಲ್ಲಿ ಟ್ರಾಸ್ಕನ ಪಾತ್ರಕ್ಕೆ ಕುಬ್ಜದೇಹದ ಸಮರ್ಥ ನಟ ಪೀಟರ್ ಡಿಂಕ್ಲೇಜ್‌ನನ್ನು ಆರಿಸಿಯೂ, ಆ ಆಯ್ಕೆಯು ತೆರೆದ ಬಾಗಿಲಿನೊಳಗೆ ಕಥೆಯು ಕಾಲಿಡಲಿಲ್ಲ.

ನಮ್ಮ ಪರಂಪರೆಯ ಒಂದು ಊನವನ್ನೂ ಇಲ್ಲಿ ಹೇಳಲೇಬೇಕು. ಶಿಶುಪಾಲನ ಹೆಚ್ಚಿನ ತೋಳುಗಳು ಉದುರುತ್ತವೆ. ಚಂದ್ರಹಾಸನ ಆರನೆಯ ಬೆರಳು ಅವಲಕ್ಷಣವೆನಿಸಿ, ಅದು ಹೋದುದೇ ಅವನ ಭಾಗ್ಯೋದಯವಾಗುತ್ತದೆ. ವಿಲಕ್ಷಣವಾದುದನ್ನು ಕತ್ತರಿಸಿದ ಮೇಲೆಯೇ ನಾಯಕತ್ವವೆಂಬ ಈ ನಿಯಮವನ್ನು ನಾನು ಒಪ್ಪಲಾರೆ. ಮ್ಯೂಟಂಟರನ್ನು ಸಾಮಾನ್ಯರನ್ನಾಗಿಸುವ ಔಷಧವೊಂದು ದೊರೆತರೆ ಏನಾದೀತೆಂಬ ಪ್ರಶ್ನೆಯನ್ನು ಜಾಸ್ ವೀಡನ್ 2004ರ ಎಕ್ಸ್-ಮೆನ್ ಕಥೆಯಲ್ಲಿ ಎತ್ತಿದಾಗ, ಅಲ್ಲಿಯ ಪಾತ್ರಗಳು ಅದಕ್ಕಾಗಿ ತಮ್ಮೊಳಗೇ ಒಡೆದು ವಾದಿಸಿದವು. ಅಂಥ ವಾದವೊಂದು ಚಂದ್ರಹಾಸನ ಬಾಯಿಂದ ಬರಲಿಲ್ಲ. ಆದರೆ ಆ ಕಥೆಗಳಲ್ಲಿಲ್ಲದ ಒಂದು ಮಹತ್ತು ನಮ್ಮದರಲ್ಲಿದೆ: ಮಗನ ಶವದ ಮೇಲೆ ಪ್ರಾಣ ಬಿಟ್ಟ ದುಷ್ಟಬುದ್ಧಿಯನ್ನು ಬದುಕಿಸೆಂದು ದೇವಿಯನ್ನು ಬೇಡುವವನು ಚಂದ್ರಹಾಸನೇ.

ಕನ್ನಡದ ಚಿತ್ರಕಥೆಯು ಈ ಸಂಪತ್ತನ್ನು ಏನು ಮಾಡಿತು? ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆಯು 1965ರಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರೇರಣೆಯಿಂದ ಮೊದಲು ಕಾಲಿಟ್ಟುದು ಕನ್ನಡದಲ್ಲಿ. ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮನನ್ನು ಕನ್ನಡಕ್ಕೆ ತಂದಿತು. ಬಾಲಮಂಗಳವು ಡಿಂಗನನ್ನು ತಂದಿತು. ಈ ಮೂರರ ಉಪಕಾರವೂ ದೊಡ್ಡದು. ಚಂದ್ರಹಾಸನ ಕಥೆಯೂ ಅಮರ ಚಿತ್ರಕಥೆಯಲ್ಲಿ ಬಂದಿತು. ಆದರೆ ಮೂವತ್ತೆರಡು ಪುಟಗಳ ಅವಕಾಶದಲ್ಲಿ ಮಂತ್ರಿಯ ಸಂಚಿಗೆ ದೊರೆತ ಸ್ಥಳವು ಅವನ ಅಂತರಂಗಕ್ಕೆ ದೊರೆಯಲಿಲ್ಲ.

ಈ ಸೀಮೆಯಲ್ಲಿ ಕುಳಿತು ನೋಡುವವನಿಗೆ ಆ ಕೊರತೆ ಇನ್ನಷ್ಟು ತೀಕ್ಷ್ಣವಾಗಿ ತಾಗುತ್ತದೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಹಳಿಯಾಳ, ಮುಂಡಗೋಡ, ಜೋಯಿಡಾಗಳ ಕಾಡಂಚಿನಲ್ಲಿ ತಲೆತಲಾಂತರಗಳಿಂದ ಕನ್ನಡಿಗರಾಗಿಯೇ ಬಾಳುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಸರಕಾರವು ಗುರುತಿಸಿದುದು 2003ರಲ್ಲಿ. ಕೂದಲನ್ನೂ ಮೈಬಣ್ಣವನ್ನೂ ನೋಡಿ ಸಿದ್ದಿ ಹುಡುಗನನ್ನು ನೀನು ಯಾವ ದೇಶದವನೆಂದು ಬಸ್ಸಿನಲ್ಲಿ ಕೇಳುವವರನ್ನು ನಾನು ಕಂಡಿದ್ದೇನೆ. ಕೇಳಿದವನ ಕನ್ನಡಕ್ಕಿಂತ ಆ ಹುಡುಗನ ಕನ್ನಡವೇ ಶುದ್ಧವಾಗಿತ್ತು. ವರ್ಣಸಮಸ್ಯೆ ನಮ್ಮದಲ್ಲವೆಂದು ಬರೆಯುವವರು ಹಳಿಯಾಳದ ಬಸ್ಸನ್ನು ಒಮ್ಮೆ ಹತ್ತಲಿ.

ರಂಗಭೂಮಿಯು ಈ ವಿಷಯದಲ್ಲಿ ಮುಂದೆ ಹೋಗಿದೆ. ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳನ್ನೇ ನಟರನ್ನಾಗಿಸಿ, ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡದ ನಾಟಕವಾಗಿ ಆಡಿಸಿದರು. ಕನ್ನಡದ ಚಿತ್ರಕಥೆಯಲ್ಲಿ ಸಿದ್ದಿ ಬಾಲಕನೊಬ್ಬನು ನಾಯಕನಾದುದನ್ನು ನಾನು ಇದುವರೆಗೆ ಕಂಡಿಲ್ಲ. ಅವನನ್ನು ದ್ವೇಷಿಸುವವನು ಅವನದೇ ಊರಿನ ಸಭ್ಯ ಗೃಹಸ್ಥನಾಗಿ, ಪಂಚಾಯತಿಯಲ್ಲಿ ಮಾತು ನಡೆಯುವವನಾಗಿ, ಮನೆಯಲ್ಲಿ ಮದನನಂಥ ಮಗನುಳ್ಳವನಾಗಿ ಚಿತ್ರಿತನಾದುದನ್ನೂ ಕಂಡಿಲ್ಲ. ಇದನ್ನು ಬರೆಯಲು ಬೇಕಾದ ದುಷ್ಟಬುದ್ಧಿಯ ಪಾತ್ರವು ಲಕ್ಷ್ಮೀಶನಲ್ಲಿ ಸಿದ್ಧವಾಗಿದೆ, ಬರೆಯುವವನು ಸಿದ್ದಿಗಳ ಕೇರಿಯಿಂದಲೇ ಬಂದರೆ ಆರನೆಯ ಬೆರಳನ್ನು ಅವನು ಕತ್ತರಿಸಲಿಕ್ಕಿಲ್ಲ.