ಗಣಿ ಊರಿನ ಡಾಕ್ಟರು

ಕ್ರಿಕೆಟ್ ನೋಡುವ ಕನ್ನಡಿಗರಿಗೆ ಟ್ರಿನಿಡಾಡ್ ಎಂದರೆ ವೆಸ್ಟ್ ಇಂಡೀಸ್. ಅಮೆರಿಕದ ಕೊಲರಾಡೊ ರಾಜ್ಯದಲ್ಲೂ ಒಂದು ಟ್ರಿನಿಡಾಡ್ ಇದೆ. ನ್ಯೂ ಮೆಕ್ಸಿಕೊ ಗಡಿಯ ಹತ್ತಿರ, ಬೆಟ್ಟದ ತಪ್ಪಲಿನಲ್ಲಿ, ಹತ್ತು ಸಾವಿರ ಜನರೂ ಇಲ್ಲದ ಹಳೆಯ ಕಲ್ಲಿದ್ದಲು ಊರು. ರಾಜಧಾನಿ ಡೆನ್ವರ್‌ಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. 1914ರ ಏಪ್ರಿಲ್‌ನಲ್ಲಿ ಊರಿನ ಸಮೀಪದ ಲಡ್ಲೋದಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿದ್ದು, ಗುಂಡು ಹಾರಿ, ಹೆಂಗಸರು ಮಕ್ಕಳು ಸೇರಿ ಇಪ್ಪತ್ತರಷ್ಟು ಜನ ಸತ್ತರು. ಅಮೆರಿಕದ ಕಾರ್ಮಿಕ ಚರಿತ್ರೆ ಓದಿದವರಿಗೆ ಈ ಸೀಮೆ ಗೊತ್ತಿರುವುದು ಆ ಕಾರಣಕ್ಕೆ. ಅದೇ ಊರಿಗೆ ‘ಲಿಂಗ ಬದಲಾವಣೆಯ ರಾಜಧಾನಿ’ ಎಂಬ ಹೆಸರು ಬಂದದ್ದು ಒಬ್ಬ ಡಾಕ್ಟರಿಂದ.

ಸ್ಟಾನ್ಲಿ ಬೈಬರ್ ಟ್ರಿನಿಡಾಡಿಗೆ ಬಂದದ್ದು 1954ರಲ್ಲಿ. ಅಯೋವಾ ರಾಜ್ಯದವರು, ಕೊರಿಯಾ ಯುದ್ಧದ ಡೇರೆ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರ ಮೇಲೆ ಕತ್ತರಿ ಆಡಿಸಿ ಕೈ ಪಳಗಿಸಿಕೊಂಡವರು. ಗಣಿ ಕಾರ್ಮಿಕರ ಸಂಘದ ಕ್ಲಿನಿಕ್ಕಿಗೆ ಸರ್ಜನ್ ಬೇಕಾಗಿತ್ತು, ಬಂದರು, ಅಲ್ಲೇ ನಿಂತರು. ಸಣ್ಣ ಊರಿನ ಸರ್ಜನ್‌ಗೆ ಇದು ನನ್ನ ವಿಷಯ, ಅದು ನನ್ನದಲ್ಲ ಎನ್ನುವ ಸೌಕರ್ಯ ಇರುವುದಿಲ್ಲ. ಹೆರಿಗೆ, ಅಪೆಂಡಿಕ್ಸ್, ಗಣಿಯಲ್ಲಿ ಮುರಿದ ಕಾಲು, ಸೀಳುತುಟಿಯ ಕೂಸು, ಎಲ್ಲವೂ ಅವರ ಟೇಬಲ್ಲಿಗೇ. ಬಿಡುವಿದ್ದಾಗ ದನ ಸಾಕಿದರು, ಭಾರ ಎತ್ತಿದರು; ಮುಂದೆ ಲಾಸ್ ಅನಿಮಾಸ್ ಜಿಲ್ಲೆಯ ಚುನಾವಣೆಗೆ ನಿಂತು ಗೆದ್ದದ್ದೂ ಉಂಟು.

1969ರಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ಅವರ ಬಳಿ ಬಂದರು. ಸೀಳುತುಟಿಯ ಮಕ್ಕಳಿಗೆ ಬೈಬರ್ ಮಾಡಿದ ಕೆಲಸ ಕಂಡು ಮೆಚ್ಚಿದ್ದವರು. ನನಗೂ ಒಂದು ಆಪರೇಷನ್ ಮಾಡುತ್ತೀರಾ ಎಂದು ಕೇಳಿದರು. ಅದಕ್ಕೇನಂತೆ, ಏನು ತೊಂದರೆ ಎಂದು ಇವರು ಕೇಳಿದಾಗ ಆಕೆ ತಾನು ಟ್ರಾನ್ಸ್ ಮಹಿಳೆ ಎಂದರು. ಬೈಬರ್‌ಗೆ ಅದು ಏನೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನಗರದ ದೊಡ್ಡಾಸ್ಪತ್ರೆಗೆ ಸಾಗಹಾಕುವುದು ಎಲ್ಲ ಕಾಲದ ಸುಲಭ ದಾರಿ. ಇವರು ಹಾಗೆ ಮಾಡದೆ ನ್ಯೂಯಾರ್ಕಿನ ವೈದ್ಯ ಹ್ಯಾರಿ ಬೆಂಜಮಿನ್ ಅವರನ್ನು ವಿಚಾರಿಸಿದರು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಿಂದ ಕೈಯಲ್ಲಿ ಬರೆದ ನಕ್ಷೆಗಳನ್ನು ತರಿಸಿಕೊಂಡರು. ಆ ಮೊದಲ ಆಪರೇಷನ್ ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು. ಆಕೆ ಮಾತ್ರ ಸಂತೋಷದಿಂದ ಹೋದರು.

ಇಂಥ ಕೋರಿಕೆ ಗಣಿ ಊರಿನ ಡಾಕ್ಟರ ತನಕ ಬಂದದ್ದು ಏಕೆ ಎಂಬುದಕ್ಕೆ ಹದಿನೇಳು ವರ್ಷ ಹಿಂದೆ ಹೋಗಬೇಕು. 1952ರ ಡಿಸೆಂಬರಿನಲ್ಲಿ ಅಮೆರಿಕದ ಪತ್ರಿಕೆಗಳು ಕ್ರಿಸ್ಟೀನ್ ಯೋರ್ಗೆನ್ಸನ್ ಅವರ ಸುದ್ದಿಯನ್ನು ಮುಖಪುಟಕ್ಕೆ ತಂದವು. ಸೇನೆಯಲ್ಲಿದ್ದು ಬಂದ ಯುವಕ ಡೆನ್ಮಾರ್ಕಿನಲ್ಲಿ ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಪಡೆದು ಹೆಣ್ಣಾದರೆಂಬ ಸುದ್ದಿ. ಡೆನ್ಮಾರ್ಕಿಗೆ ಹೋಗುವ ಮೊದಲೇ ಆಕೆ ಔಷಧಿ ಅಂಗಡಿಯಲ್ಲಿ ಏನೋ ನೆಪ ಹೇಳಿ ಈಸ್ಟ್ರೊಜೆನ್ ಮಾತ್ರೆ ಕೊಂಡು ತಾವೇ ನುಂಗತೊಡಗಿದ್ದರು; ಡಾಕ್ಟರು ಸಿಗದಿದ್ದರೆ ಜನ ಅಂಗಡಿಗೆ ಹೋಗುವುದು ಅಂದೂ ಇತ್ತು. ಸುದ್ದಿ ಹಬ್ಬಿದ ಮೇಲೆ ಅವರಿಗೆ ಚಿಕಿತ್ಸೆ ಕೊಟ್ಟ ಡ್ಯಾನಿಷ್ ವೈದ್ಯ ಕ್ರಿಶ್ಚಿಯನ್ ಹ್ಯಾಂಬರ್ಗರ್ ಅವರಿಗೆ ದೇಶದೇಶಗಳಿಂದ ಕಾಗದಗಳು ಬಂದವು. 465 ಜನ ತಮಗೂ ಈ ಚಿಕಿತ್ಸೆ ಬೇಕೆಂದು ಬರೆದಿದ್ದರು. ಹ್ಯಾಂಬರ್ಗರ್ 1953ರಲ್ಲಿ ಆ ಕಾಗದಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ತಮ್ಮೂರಿನಲ್ಲಿ ಕೇಳಲು ಯಾರೂ ಇಲ್ಲದ್ದರಿಂದ ಜನ ಕೋಪನ್‌ಹೇಗನ್ನಿಗೆ ಬರೆಯುತ್ತಿದ್ದರು.

ಅಮೆರಿಕದಲ್ಲಿ ಇಂಥ ರೋಗಿಗಳನ್ನು ನೋಡುತ್ತಿದ್ದವರಲ್ಲಿ ಮುಖ್ಯರಾದವರು ಬೆಂಜಮಿನ್. ಬರ್ಲಿನ್ನಿನಲ್ಲಿ 1885ರಲ್ಲಿ ಹುಟ್ಟಿದ ಗ್ರಂಥಿ ವೈದ್ಯ. 1966ರಲ್ಲಿ ಈ ವಿಷಯದ ಮೇಲೆ ಅವರ ಪುಸ್ತಕ ಬಂತು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಇದಕ್ಕೆಂದೇ ಒಂದು ಕ್ಲಿನಿಕ್ ತೆರೆಯಿತು. ಅಲ್ಲಿ ಅರ್ಜಿಗಳ ರಾಶಿ ಬಿತ್ತು, ಆಯ್ಕೆಯಾದವರು ಬೆರಳೆಣಿಕೆಯಷ್ಟು. 1979ರಲ್ಲಿ ಅದೂ ಬಾಗಿಲು ಹಾಕಿತು. 1981ರಲ್ಲಿ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಈ ಶಸ್ತ್ರಚಿಕಿತ್ಸೆಗೆ ಹಣ ಕೊಡುವುದಿಲ್ಲವೆಂದಿತು. ಆ ನಿಷೇಧ ತೆರವಾಗಲು 2014 ಬರಬೇಕಾಯಿತು. ದೊಡ್ಡ ಊರುಗಳು ಹೀಗೆ ಒಂದೊಂದಾಗಿ ಕೈಬಿಟ್ಟಂತೆ ಜನ ಬಸ್ಸು, ಕಾರು ಹಿಡಿದು ಟ್ರಿನಿಡಾಡಿಗೆ ಬರತೊಡಗಿದರು.

ಅಲ್ಲಿನ ಮೌಂಟ್ ಸ್ಯಾನ್ ರಫೇಲ್ ಆಸ್ಪತ್ರೆಯನ್ನು 1889ರಲ್ಲಿ ಸ್ಥಾಪಿಸಿದವರು ಕ್ಯಾಥೊಲಿಕ್ ಸಂನ್ಯಾಸಿನಿಯರು, ಬೈಬರ್ ಕಾಲಕ್ಕೂ ಅವರು ಅಲ್ಲಿದ್ದರು. ಅವರ ಕಣ್ಣಿಗೆ ಬೀಳದಿರಲೆಂದು ಮೊದಲ ರೋಗಿಗಳ ಫೈಲುಗಳನ್ನು ಬೈಬರ್ ಆಸ್ಪತ್ರೆಯ ತಿಜೋರಿಯಲ್ಲಿ ಇರಿಸಿದ್ದರಂತೆ. ಇಂಥದ್ದು ಸಣ್ಣ ಊರಿನಲ್ಲಿ ಎಷ್ಟು ದಿನ ಮುಚ್ಚಿದ್ದೀತು? ಕೊನೆಗೆ ಅವರೇ ಸಂನ್ಯಾಸಿನಿಯರನ್ನೂ ಊರಿನ ಪಾದ್ರಿಗಳನ್ನೂ ಕೂರಿಸಿಕೊಂಡು ವಿಷಯ ವಿವರಿಸಿದರು. ಹೆರಿಗೆ ಮಾಡಿಸಿದ, ಗಂಡನ ಪ್ರಾಣ ಉಳಿಸಿದ ಡಾಕ್ಟರು ಹೇಳುತ್ತಿದ್ದಾರೆಂದ ಮೇಲೆ ಊರು ಕೇಳಿಸಿಕೊಂಡಿತು. ಇದನ್ನು ಬರೀ ಉದಾರತೆ ಎನ್ನುವಂತಿಲ್ಲ. ಗಣಿಗಳು ಮುಚ್ಚಿ ಬರಿದಾಗುತ್ತಿದ್ದ ಊರಿನಲ್ಲಿ ಹೊರಗಿನ ರೋಗಿಗಳು, ಅವರ ಜೊತೆ ಬಂದವರು ಹೋಟೆಲಿಗೂ ಅಂಗಡಿಗೂ ಆಸ್ಪತ್ರೆಯ ಗಲ್ಲಾಕ್ಕೂ ಕಾಸು ತಂದರು. ಎರಡೂ ಕಾರಣ ನಿಜ, ಒಂದನ್ನು ಮರೆಮಾಚುವ ಅಗತ್ಯವಿಲ್ಲ. ಬೈಬರ್ ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಇಂಥ ಆಪರೇಷನ್ ಮಾಡಿದರು.

ಆದರೆ ಟ್ರಿನಿಡಾಡ್ ಕೊಡಲಾಗದ್ದು ಒಂದಿತ್ತು. ಆಪರೇಷನ್ ಒಂದು ಸಲದ್ದು; ಸಾಲ ಮಾಡಿ, ರಜೆ ಹಾಕಿ ಸಾವಿರ ಮೈಲಿ ಹೋಗಿಬರಬಹುದು. ಹಾರ್ಮೋನ್ ಜೀವನಪರ್ಯಂತದ್ದು. ಅದಕ್ಕೆ ಬೇಕಾದದ್ದು ಚೀಟಿ ಬರೆಯುವ, ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನೋಡುವ ಊರಿನ ಡಾಕ್ಟರು. ಔಷಧಿಗಳೇನೂ ಅಪರೂಪದವಲ್ಲ. ಈಸ್ಟ್ರಡಯಾಲ್ ಮುಟ್ಟು ನಿಂತ ಹೆಂಗಸರಿಗೆ ಕೊಡುವಂಥದ್ದು. ಗಂಡು ಹಾರ್ಮೋನ್ ತಗ್ಗಿಸಲು ಬಳಸುವ ಸ್ಪೈರೊನೊಲ್ಯಾಕ್ಟೋನ್ ಬಿಪಿಗೆ, ಹೃದಯ ಸೋತವರಿಗೆ ಬರೆಯುವ ಹಳೆಯ ಮಾತ್ರೆ. ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟರಾಯಿತು. ಟೆಸ್ಟೊಸ್ಟಿರೋನ್ 1935ರಿಂದ ವೈದ್ಯರಿಗೆ ಪರಿಚಿತ. ಇವುಗಳಲ್ಲಿ ಸಾಮಾನ್ಯ ವೈದ್ಯರ ಕೈಮೀರಿದ್ದು ಯಾವುದೂ ಇಲ್ಲ.

ಕೊರತೆಯಿದ್ದದ್ದು ಒಪ್ಪುವ ಡಾಕ್ಟರದ್ದು. ಲೂಸಿಯಾನದ ಶ್ರೀಮಂತ ಉದ್ಯಮಿ, ಸ್ವತಃ ಟ್ರಾನ್ಸ್ ಪುರುಷರಾಗಿದ್ದ ರೀಡ್ ಎರಿಕ್ಸನ್ 1964ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಸಂಶೋಧನೆಗೆ ಹಣ ಕೊಡುವುದರ ಜೊತೆ ಅದು ಮಾಡಿದ ಉಪಯುಕ್ತ ಕೆಲಸವೆಂದರೆ, ಚಿಕಿತ್ಸೆ ಕೊಡಲು ಒಪ್ಪುವ ವೈದ್ಯರು ಎಲ್ಲಿದ್ದಾರೆಂದು ಕೇಳಿದವರಿಗೆ ತಿಳಿಸಿದ್ದು. ಅಂಥ ವಿಳಾಸ ಬಾಯಿಂದ ಬಾಯಿಗೆ, ಕಾಗದದಿಂದ ಕಾಗದಕ್ಕೆ ದಾಟುತ್ತಿತ್ತು.

ವಿಳಾಸ ಸಿಗದಿದ್ದರೆ ಏನಾಗುತ್ತದೆಂಬುದಕ್ಕೆ ರಾಬರ್ಟ್ ಈಡ್ಸ್ ಅವರ ಕಥೆ ಇದೆ. ಜಾರ್ಜಿಯಾದ ಹಳ್ಳಿಗಾಡಿನಲ್ಲಿದ್ದ, ಗಡ್ಡ ಬಿಟ್ಟು ಪೈಪು ಸೇದುತ್ತಿದ್ದ ಟ್ರಾನ್ಸ್ ಪುರುಷ. 1996ರಲ್ಲಿ ಅವರಿಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು. ಇಪ್ಪತ್ತಕ್ಕೂ ಹೆಚ್ಚು ವೈದ್ಯರು ಒಬ್ಬರಾದ ಮೇಲೊಬ್ಬರು ನೋಡುವುದಿಲ್ಲವೆಂದರು. ಇಂಥ ರೋಗಿಯಿದ್ದರೆ ಕ್ಲಿನಿಕ್ಕಿನ ಮರ್ಯಾದೆ ಹೋದೀತು ಎಂಬ ಅಂಜಿಕೆ ಕೆಲವರದು. ಕೊನೆಗೆ ಒಂದು ವೈದ್ಯಕೀಯ ಕಾಲೇಜು ಸೇರಿಸಿಕೊಳ್ಳುವ ಹೊತ್ತಿಗೆ ರೋಗ ಹಬ್ಬಿತ್ತು. 1999ರ ಜನವರಿಯಲ್ಲಿ ತೀರಿಕೊಂಡರು. ಅವರ ಕೊನೆಯ ವರ್ಷದ ಮೇಲೆ ಕೇಟ್ ಡೇವಿಸ್ ಮಾಡಿದ ‘ಸದರ್ನ್ ಕಂಫರ್ಟ್’ ಸಾಕ್ಷ್ಯಚಿತ್ರಕ್ಕೆ 2001ರ ಸನ್‌ಡಾನ್ಸ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು. 2015ರಲ್ಲಿ ಅಮೆರಿಕದ 27,715 ಟ್ರಾನ್ಸ್ ಜನರನ್ನು ವಿಚಾರಿಸಿದ ಸಮೀಕ್ಷೆಯಲ್ಲಿ ಶೇ 23ರಷ್ಟು ಮಂದಿ, ಅವಮಾನದ ಭಯಕ್ಕೆ ಆ ವರ್ಷ ಬೇಕಿದ್ದಾಗಲೂ ಡಾಕ್ಟರ ಬಳಿ ಹೋಗಲಿಲ್ಲ ಎಂದರು.

ಕಾನೂನೂ ಹಳ್ಳಿಯವರ ಕಾಲಿಗೆ ತೊಡರಿತು. ಕ್ರೀಡಾಪಟುಗಳ ಸ್ಟಿರಾಯ್ಡ್ ಚಟ ತಡೆಯಲು 1990ರಲ್ಲಿ ತಂದ ಕಾಯ್ದೆ ಟೆಸ್ಟೊಸ್ಟಿರೋನನ್ನು ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿತು. ಅಂಥ ಔಷಧಿಯನ್ನು ಆನ್‌ಲೈನಿನಲ್ಲಿ ಬರೆಯುವ ಮೊದಲು ರೋಗಿಯನ್ನು ಒಮ್ಮೆಯಾದರೂ ಎದುರಿಗೆ ನೋಡಿರಬೇಕೆಂದು 2008ರ ಕಾಯ್ದೆ ವಿಧಿಸಿತು. ಈಸ್ಟ್ರೊಜೆನ್‌ಗೆ ಈ ತಾಪತ್ರಯ ಇರಲಿಲ್ಲ. 2020ರಲ್ಲಿ ಕೊರೊನಾ ಬಂದಾಗ ಎದುರಿಗೆ ನೋಡುವ ನಿಯಮ ಸಡಿಲವಾಯಿತು. ಊರಲ್ಲಿ ಡಾಕ್ಟರಿಲ್ಲದವರಿಗೆ ಫೋನೇ ಕ್ಲಿನಿಕ್ ಆಯಿತು.

ಅದಕ್ಕೂ ಮೊದಲೇ ಟ್ರಿನಿಡಾಡಿನ ಗಡಿಯಾಚೆ, ನ್ಯೂ ಮೆಕ್ಸಿಕೊದಲ್ಲಿ ಇನ್ನೊಂದು ದಾರಿ ತೆರೆದಿತ್ತು. ಭಾರತ ಮೂಲದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ರೋಗಿಗಳಿಗಾಗಿ ‘ಪ್ರಾಜೆಕ್ಟ್ ಎಕೋ’ ಶುರುಮಾಡಿದರು. ರೋಗಿಯನ್ನು ನಗರಕ್ಕೆ ಕರೆಸುವ ಬದಲು ತಜ್ಞರು ವಿಡಿಯೋದಲ್ಲಿ ಹಳ್ಳಿಯ ಡಾಕ್ಟರ ಜೊತೆ ಕೂತು ಕಲಿಸುವ ಪದ್ಧತಿ ಅದು. ಮುಂದೆ ಅದೇ ಮಾದರಿಯಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ದೂರದೂರಿನ ವೈದ್ಯರಿಗೆ ಟ್ರಾನ್ಸ್ ಜನರ ಹಾರ್ಮೋನ್ ಚಿಕಿತ್ಸೆ ಹೇಳಿಕೊಟ್ಟವು. ಬೈಬರ್ 1969ರಲ್ಲಿ ಒಬ್ಬರೇ ಮಾಡಿದ್ದನ್ನು ಒಂದು ವ್ಯವಸ್ಥೆ ಮಾಡಿತು.

ಬೈಬರ್ 2003ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ವೃತ್ತಿ ವಿಮೆಯ ಕಂತು ಕಟ್ಟಲಾಗದೆ ನಿಲ್ಲಿಸಿದರು, 2006ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಸಿಯಾಟಲ್‌ನಿಂದ ಬಂದ ಸ್ತ್ರೀರೋಗ ತಜ್ಞೆ ಮಾರ್ಸಿ ಬೋವರ್ಸ್ ಸ್ವತಃ ಟ್ರಾನ್ಸ್ ಮಹಿಳೆ. 2010ರಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಒಬ್ಬರ ಮೇಲೆ ನಿಂತ ಸೇವೆ ಒಬ್ಬರ ಜೊತೆಯೇ ಊರು ಬಿಟ್ಟಿತು.

ಇದು ಅಮೆರಿಕದ ಕಥೆಯಾದರೂ ಅದರ ಒಂದು ಎಳೆ ನಮ್ಮ ಕಾನೂನಿಗೂ ತಾಗಿದೆ. ಹ್ಯಾರಿ ಬೆಂಜಮಿನ್ ಹೆಸರಿನಲ್ಲಿ 1979ರಲ್ಲಿ ಹುಟ್ಟಿದ ವೈದ್ಯರ ಸಂಘವೇ ಈಗಿನ ಡಬ್ಲ್ಯೂಪಾಥ್; 2022ರಲ್ಲಿ ಅದರ ಅಧ್ಯಕ್ಷರಾದವರು ಅದೇ ಬೋವರ್ಸ್. ಭಾರತದ ಸಂಸತ್ತು 2019ರಲ್ಲಿ ಒಪ್ಪಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 15ನೇ ಕಲಮು ಆ ಸಂಘದ ಮಾರ್ಗಸೂಚಿಯನ್ನು ಹೆಸರಿಸಿ ಕೈಪಿಡಿ ತರಬೇಕೆಂದಿತು. ಹಾರ್ಮೋನ್ ಚಿಕಿತ್ಸೆಯ ಸೌಲಭ್ಯ ಒದಗಿಸುವುದು ಸರ್ಕಾರದ ಹೊಣೆ, ವೈದ್ಯರ ಪಠ್ಯಕ್ರಮವನ್ನೂ ಮರುಪರಿಶೀಲಿಸಬೇಕು ಎಂದೂ ಅದೇ ಕಲಮು ಹೇಳಿತು. ಹಾಗಿದ್ದೂ ಗರ್ಭನಿರೋಧಕ ಮಾತ್ರೆಯನ್ನೇ ಹಾರ್ಮೋನೆಂದು ತಾವಾಗಿ ನುಂಗುವವರು ನಮ್ಮಲ್ಲಿ ಇದ್ದಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಅವರನ್ನು ಬೆಂಗಳೂರಿಗೆ ಕಳಿಸುವ ಮುನ್ನ ಬಿಪಿ ನೋಡಲಿ, ರಕ್ತಪರೀಕ್ಷೆಗೆ ಬರೆಯಲಿ, ಗೊತ್ತಿರುವವರಿಗೊಂದು ಫೋನ್ ಮಾಡಲಿ.